ಓರಗಿತ್ತಿಯರು ತೊಳೆದ ಪೈಪು

ಬಣ್ಣದ ಕಾರ್ಖಾನೆ ಅವಳಿಗೆ ಮೂರು ತಿಂಗಳ ಸಂಬಳ ಇನ್ನೂ ಕೊಡಬೇಕು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಮಾಲೀಕ ಸತ್ತ, ಮಕ್ಕಳು ಜಾಗ ಮಾರಿದರು, ಕೊಂಡವರು ಮತ್ತೊಬ್ಬರಿಗೆ ದಾಟಿಸಿದರು. ಈಗ ಆ ಸಂಬಳವನ್ನು ಯಾರ ಮುಖ ನೋಡಿ ಕೇಳಬೇಕೋ ದೇವರಿಗೇ ಗೊತ್ತು. ಸಂಬಳ ಕೊಡದೆ ಹೋದವರು ಒಂದು ಗುಡ್ಡವನ್ನಂತೂ ಧಾರಾಳವಾಗಿ ಬಿಟ್ಟುಹೋದರು. ಬಣ್ಣ ತೆಗೆದುಳಿದ ಗಸಿಯನ್ನು ಕಾರ್ಖಾನೆಯ ಹಿಂದಿನ ಬಯಲಿಗೆ ಹತ್ತಾರು ವರ್ಷ ಸುರಿದು ಸುರಿದು ಎದ್ದ ಗುಡ್ಡ. ಮಳೆ ಬಿದ್ದರೆ ಅದರ ಬುಡದಿಂದ ಹಳದಿ ನೀರು ಒಸರುತ್ತದೆ. ಮನೆಗಳ ಗೋಡೆಯ ಕೆಳಭಾಗದಲ್ಲಿ ಹಳದಿ ಹರಳು ಕಟ್ಟುತ್ತದೆ.

ಅವಳನ್ನು ಮನೆಯಲ್ಲೂ ಬೀದಿಯಲ್ಲೂ ದೊಡ್ಡಾಕೆ ಅನ್ನುತ್ತಾರೆ. ಅವಳ ಮೈದುನನ ಹೆಂಡತಿ ಚಿಕ್ಕಾಕೆ. ಅಣ್ಣತಮ್ಮಂದಿರು ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರಿಂದ, ಆಕೆ ಕೆಮ್ಮಿದರೆ ಈಕೆಗೆ ಕೇಳುತ್ತದೆ, ಈಕೆ ಶಪಿಸಿದರೆ ಆಕೆಗೆ ಕೇಳುತ್ತದೆ. ಇಬ್ಬರೂ ಕಾರ್ಖಾನೆಯಲ್ಲಿ ಡ್ರಮ್ಮು ತೊಳೆದವರು. ಇಬ್ಬರ ಬೆರಳ ಗೆಣ್ಣುಗಳ ಮೇಲೂ ಕಾಳಿನಷ್ಟಗಲದ ಗುಂಡಿಗಳಿವೆ, ಬಣ್ಣದ ಉಪ್ಪು ಚರ್ಮ ತಿಂದು ಮಾಡಿದ ಗುಂಡಿಗಳು. ಅದರಲ್ಲೂ ಲೆಕ್ಕ: "ನನ್ನ ಕೈ ನೋಡು, ಅವಳ ಕೈ ನೋಡು. ಯಾರು ಹೆಚ್ಚು ದುಡಿದಿದ್ದು ಅಂತ ಬೆರಳೇ ಹೇಳುತ್ತೆ," ಅನ್ನುತ್ತಿದ್ದಳು ದೊಡ್ಡಾಕೆ.

ಡ್ರಮ್ಮು ತೊಳೆಯುವವರಿಗೆ ಅಲ್ಲೊಂದು ನೇಮವಿತ್ತು. ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ ಪ್ರತಿ ಡ್ರಮ್ಮಿಗೂ ಒಳಗೊಂದು ಕೊಡ, ಹೊರಗೊಂದು ಕೊಡ. ಮೇಸ್ತ್ರಿ ಕೋಲು ಹಿಡಿದು ಹಿಂದೆಯೇ ನಿಂತಿರುತ್ತಿದ್ದ. ಹದಿನೈದು ವರ್ಷ ಹಾಗೆ ತೊಳೆದ ಕೈಗೆ, ಯಾರೋ ನೋಡಲು ಬರುತ್ತಾರೆ ಅಂದರೆ ಸಾಕು, ನೀರಿನ ಕೊಡ ತಾನಾಗಿ ನೆನಪಾಗುತ್ತದೆ. ಈ ನೇಮ ಮುಂದೆ ಎಂಥ ಆಟ ಆಡಿಸಿತು ನೋಡಿ.

ಗುಡ್ಡದ ವಿರುದ್ಧ ಬೀದಿ ಎದ್ದು ನಿಂತಿದ್ದು ದೊಡ್ಡಾಕೆಯ ಒಂದು ತುಂಡು ಬಟ್ಟೆಯಿಂದ. ಬೀದಿ ಬಾವಿಯ ನೀರನ್ನು ಪಾತ್ರೆಯಲ್ಲಿಟ್ಟು, ಬಿಳಿ ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ, ಉಳಿದದ್ದನ್ನು ಗಾಳಿಗೆ ನೇತು ಹಾಕುತ್ತಿದ್ದಳು. ನೀರು ಬಟ್ಟೆಯೊಳಗೆ ಮೇಲೇರಿ ಒಣಗುತ್ತಿತ್ತು, ಒಣಗಿದ ಅಂಚಿನಲ್ಲಿ ಹಳದಿ ಗೆರೆ ಮೂಡುತ್ತಿತ್ತು. ಮೊದಲು ನಕ್ಕವರೆಲ್ಲ ಆಮೇಲೆ ತಮ್ಮ ತಮ್ಮ ಮನೆಯ ಮುಂದೆ ಒಂದೊಂದು ಬಟ್ಟೆ ಕಟ್ಟಿದರು. ಅವಳು ಜಾಗ ಕೊಂಡವರ ಲಾರಿಗೆ ಅಡ್ಡ ಮಲಗಿದಳು, ಠಾಣೆಯ ಬೆಂಚಿನ ಮೇಲೆ ಕೂತು ಬಂದಳು, ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಗಂಟಲು ಹರಿದುಕೊಂಡಳು. ಕೊನೆಗೆ ಬಾವಿಗೆ ಮುಚ್ಚಳ ಬಿತ್ತು, ಬೀದಿಗೆ ಕುಡಿಯುವ ನೀರಿನ ಟ್ಯಾಂಕರ್ ಬಂತು, ಗುಡ್ಡ ಚೊಕ್ಕ ಮಾಡುವ ಅಪ್ಪಣೆಯೂ ಬಂತು.

ಅಪ್ಪಣೆ ಹೀಗಿತ್ತು. ಗುಡ್ಡವನ್ನು ಬೇಲಿ ಹಾಕಿ ಎರಡು ಪಾಲು ಮಾಡುವುದು. ಒಂದು ಪಾಲಿಗೆ ಮಳೆ ನೀರು ಒಳಗಿಳಿಯದ ಹಾಗೆ ಜೇಡಿ ಮಣ್ಣು, ಕಪ್ಪು ಪ್ಲಾಸ್ಟಿಕ್ ಹಾಳೆ, ಮೇಲೆ ಹುಲ್ಲು ಹೊದಿಸುವುದು. ಇನ್ನೊಂದು ಪಾಲಿನ ಕೆಳಗಿನ ನೀರನ್ನು ಪಂಪಿನಿಂದ ಎತ್ತಿ, ತೊಟ್ಟಿಯಲ್ಲಿ ಮದ್ದು ಹಾಕಿ, ವಿಷ ತಳಕ್ಕೆ ಕೂತ ಮೇಲೆ ಹೊರಗೆ ಬಿಡುವುದು. ಪ್ರತಿ ಪಾಲಿನ ಅಂಚಿನಲ್ಲೂ ನೆಲಕ್ಕೆ ಒಂದು ಸಣ್ಣ ಪೈಪು ಇಳಿಸಿ, ಮೂರು ತಿಂಗಳಿಗೊಮ್ಮೆ ಅದರ ನೀರು ತೆಗೆದು ಪರೀಕ್ಷೆ ಮಾಡುವುದು. ಒಂದು ವರ್ಷ ನೋಡಿ, ಯಾವ ಉಪಾಯ ಫಲಿಸಿತೋ ಅದನ್ನೇ ಇಡೀ ಗುಡ್ಡಕ್ಕೆ ಮಾಡುವುದು.

ಬೇಲಿ ಬಿದ್ದದ್ದು ಸರಿಯಾಗಿ ಅಣ್ಣತಮ್ಮಂದಿರ ನಡುಗೋಡೆಯ ನೇರಕ್ಕೆ. ದೊಡ್ಡಾಕೆಯ ಹಿತ್ತಲ ಹಿಂದೆ ಹುಲ್ಲು ಬಂತು. ಚಿಕ್ಕಾಕೆಯ ಹಿತ್ತಲ ಹಿಂದೆ ಪಂಪು ಬಂತು.

"ಅವಳಿಗೆ ಮಷೀನು, ನನಗೆ ಹುಲ್ಲು," ಅಂದಳು ದೊಡ್ಡಾಕೆ.

"ಮೇಯೋರ್ಗೆ ಹುಲ್ಲು ಕೊಡ್ತಾರೆ," ಅಂದ ಗಂಡ. ಅವನು ಸೈಕಲ್ ರಿಪೇರಿಯವ. ಪಂಕ್ಚರ್ ಹಾಕಿ ಹಾಕಿ, ಎಲ್ಲಿ ಚುಚ್ಚಿದರೆ ಗಾಳಿ ಹೋಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ನಿಜವಾದ ಕೊಳ್ಳಿ ಇಟ್ಟದ್ದು ಕಮಿಟಿ. ಪರೀಕ್ಷೆಯ ಮೇಲೆ ಕಣ್ಣಿಡಲು ಬೀದಿಯವರ ಕಡೆಯಿಂದ ಒಬ್ಬ ಸದಸ್ಯರು ಬೇಕು, ಸಮಾಧಾನದಿಂದ ಮಾತಾಡುವವರಿದ್ದರೆ ಒಳ್ಳೆಯದು ಎಂದು ಕಚೇರಿಯವರು ಸಭೆಯಲ್ಲಿ ಹೇಳಿದರು. ಎಲ್ಲರೂ ಒಮ್ಮೆ ದೊಡ್ಡಾಕೆಯ ಕಡೆ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಚಾವಣಿಯ ಕಡೆ ನೋಡಿದರು. ಯಾರೋ ಚಿಕ್ಕಾಕೆಯ ಹೆಸರು ಹೇಳಿದರು, ಸಭೆ ಕೈಯೆತ್ತಿತು. ಅವಳಿಗೆ ಕಮಿಟಿಯಲ್ಲಿ ಕುರ್ಚಿ, ರಬ್ಬರು ಬೂಟು, ಹಳದಿ ಹೆಲ್ಮೆಟ್ಟು. ದೊಡ್ಡಾಕೆಗೆ ಸಿಕ್ಕಿದ್ದು ತನ್ನ ಹಿತ್ತಲ ಹಿಂದಿನ ಪೈಪಿನ ಮುಚ್ಚಳದ ಬೀಗದ ಕೈ. ಅಂಥದೇ ಒಂದು ಚಿಕ್ಕಾಕೆಯ ಹತ್ತಿರವೂ ಇತ್ತು, ಅವಳ ಕಡೆಯ ಪೈಪಿನದು.

"ಹಳದಿ ಓಡ್ಸೋಕೆ ಹಳದಿ ಟೋಪಿ ಅಂತೆ!" ಮನೆಗೆ ಬಂದು ದೊಡ್ಡಾಕೆ ಪಾತ್ರೆ ಕುಕ್ಕಿದಳು. "ಲಾರಿಗೆ ಅಡ್ಡ ಮಲಗಿದ್ದು ಯಾರು? ನಾನು. ಠಾಣೇಲಿ ಕೂತಿದ್ದು ಯಾರು? ನಾನು. ಆವಾಗ ಇವಳೆಲ್ಲಿದ್ಲು? ಮಗಳಿಗೆ ಜ್ವರ ಅಂತ ಮನೇಲಿದ್ಲು."

"ಜ್ವರ ನಿಜವಾಗ್ಲೂ ಇತ್ತಲ್ಲೇ," ಅಂದ ಗಂಡ.

"ಇತ್ತು. ಆದ್ರೆ ಅವಳ ಅನುಕೂಲ ನೋಡ್ಕೊಂಡು ಬಂದಿತ್ತು."

ಚಿಕ್ಕಾಕೆ ಆ ಹೆಲ್ಮೆಟ್ಟನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಧೂಳು ಒರೆಸುವ ನೆಪದಲ್ಲಿ ದಿನಕ್ಕೆ ಎರಡು ಸಲ ಅದನ್ನು ತೆಗೆದು ನೋಡುತ್ತಿದ್ದಳು. ದೊಡ್ಡಾಕೆಗೆ ಬೀದಿಯಲ್ಲಿ ನಡೆಯುವಾಗ ಎದುರಿನ ಮನೆಗಳು ಕಾಣುತ್ತಿರಲಿಲ್ಲ, ಆ ಮೊಳೆ ಕಾಣುತ್ತಿತ್ತು. ಪಂಪು ನೋಡಲು ಬಂದ ಇಂಜಿನಿಯರಮ್ಮ ಚಿಕ್ಕಾಕೆಯ ಮನೆಯಲ್ಲಿ ಚಹಾ ಕುಡಿದು ಹೋದ ದಿನ ದೊಡ್ಡಾಕೆ ಊಟ ಮಾಡಲಿಲ್ಲ. ಹುಲ್ಲು ನೋಡಲು ಯಾರು ಬರುತ್ತಾರೆ? ಹೊಟ್ಟೆಯೊಳಗೆ ಒಲೆ ಉರಿಯುತ್ತಿತ್ತು, ಅದಕ್ಕೆ ಸೌದೆ ಬೇಕಿರಲಿಲ್ಲ.

ಓರಗಿತ್ತಿಯ ಮೇಲಿನ ಈ ಉರಿಗೆ ಹಳೆಯದೊಂದು ಬೇರೂ ಇತ್ತು. ದೊಡ್ಡಾಕೆಗೆ ಮಕ್ಕಳಿಲ್ಲ. ಚಿಕ್ಕಾಕೆಗೆ ಒಬ್ಬಳು ಮಗಳು. ತಾಯಿ ಡ್ರಮ್ಮು ತೊಳೆಯಲು ಹೋದ ಪಾಳಿಗಳಲ್ಲೆಲ್ಲ ಆ ಹುಡುಗಿ ಬೆಳೆದದ್ದು ದೊಡ್ಡಮ್ಮನ ಮಡಿಲಲ್ಲಿ. ಈಗ ಮದುವೆಯಾಗಿ, ಗಂಡನ ಜೊತೆ ತಾಯಿಯ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ನಾಳೆ ಅವಳಿಗೊಂದು ಮಗು ಹುಟ್ಟಿದರೂ ಮೊದಲು ಎತ್ತಿಕೊಳ್ಳುವವಳು ಚಿಕ್ಕಾಕೆಯೇ ಅನ್ನುವುದು ದೊಡ್ಡಾಕೆಗೆ ಆಗಲೇ ಸಂಕಟವಾಗಿತ್ತು.

ಮೊದಲ ಪರೀಕ್ಷೆ ಬಂತು. ಸಭೆಯಲ್ಲಿ ಇಂಜಿನಿಯರಮ್ಮ ಹಲಗೆಯ ಮೇಲೆ ನೀರಿನ ವಿಷ ಎಷ್ಟೆಂದು ಹೇಳುವ ಎರಡು ಗೆರೆ ಎಳೆದು ತೋರಿಸಿದಳು. ಪಂಪಿನ ಪಾಲಿನ ಗೆರೆ ಇಳಿದಿತ್ತು. ಹುಲ್ಲಿನ ಪಾಲಿನ ಗೆರೆ ಹಗ್ಗ ಎಳೆದರೂ ಏಳದ ಎಮ್ಮೆಯ ಹಾಗೆ ಇದ್ದಲ್ಲೇ ಬಿದ್ದಿತ್ತು. ಜನ ಚಿಕ್ಕಾಕೆಯನ್ನು ನೋಡಿ ಚಪ್ಪಾಳೆ ತಟ್ಟಿದರು, ಅವಳೇ ನೆಲದೊಳಗೆ ಇಳಿದು ಬಳಿದು ಬಂದಳೋ ಅನ್ನುವ ಹಾಗೆ.

ಹೊರಗೆ ಬರುವಾಗ ಹಾಲು ಮಾರುವವಳು ದೊಡ್ಡಾಕೆಯ ಭುಜ ತಟ್ಟಿದಳು. "ಏನಕ್ಕಾ, ನಿಮ್ಮ ಕಡೇದು ಇನ್ನೂ ಮೊಂಡು ಹಿಡ್ದಿದೆಯಂತೆ? ಮನೆಯವರ ಹಾಗೇ ನೀರು, ಬಿಡಿ!"

ಆ ಮಾತು ಮುಂದಿನ ಮೂರು ತಿಂಗಳೂ ಅವಳ ಕಿವಿಯೊಳಗೆ ನೊಣದ ಹಾಗೆ ಗುಂಯ್‌ಗುಟ್ಟಿತು.

ಎರಡನೇ ಪರೀಕ್ಷೆಗೆ ಪೈಪಿನ ನೀರು ತುಂಬಿಕೊಂಡು ಹೋಗುವ ಬಾಟಲಿಯವ ಬರುವುದಿತ್ತು. ಹಿಂದಿನ ದಿನ ಬೆಳಿಗ್ಗೆ ದೊಡ್ಡಾಕೆ ಬಟ್ಟೆ ಒಣಹಾಕುತ್ತ ಗೋಡೆಯಾಚೆ ಇಣುಕಿದಳು. ಇಣುಕುವುದು ಅವಳ ನಿತ್ಯದ ಕೆಲಸ. ಚಿಕ್ಕಾಕೆ ರವಿಕೆಯ ತೋಳು ಮಡಚಿ ಪೈಪಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಮುಚ್ಚಳ ತೆಗೆದಿತ್ತು. ಪೈಪಿನ ಬಾಯಿಗೆ ಹತ್ತಿದ್ದ ಹಳದಿ ಪುಡಿಯನ್ನು ಬ್ರಶ್ಶಿನಿಂದ ಉಜ್ಜಿ, ಟ್ಯಾಂಕರ್ ನೀರಿನ ಕೊಡ ಎತ್ತಿ, ಹೊರಗೊಂದು ಕೊಡ ಸುರಿದಳು. ಆಮೇಲೆ ಒಳಗೊಂದು ಕೊಡ ಸುರಿದಳು. ಡ್ರಮ್ಮು ತೊಳೆದ ಹಾಗೇ, ಅದೇ ಕೈ ತಿರುವು. ನಾಳೆ ಸಾಹೇಬರ ಕಡೆಯವರು ಬರುತ್ತಾರೆ, ಪೈಪಿನ ಬಾಯಿ ಗಲೀಜಾಗಿದ್ದರೆ ಬೀದಿಯ ಮರ್ಯಾದೆ ಏನಾಗಬೇಕು? ಚಿಕ್ಕಾಕೆಯ ತಲೆಯಲ್ಲಿ ಅದಕ್ಕಿಂತ ಹೆಚ್ಚಿನ ಲೆಕ್ಕವಿರಲಿಲ್ಲ.

ಗೋಡೆಯ ಈಚೆ ದೊಡ್ಡಾಕೆಯ ತಲೆಯಲ್ಲಿ ಇತ್ತು. ಓಹೋ, ಇದಾ ಗುಟ್ಟು! ಇದರಿಂದ ಒಳಗಿನ ನೀರು ತಿಳಿಯಾಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ ಅನ್ನುವುದು ಅವಳಿಗೆ ಹೊಳೆಯಲಿಲ್ಲ ಅಂದರೆ ಅದು ಅವಳ ಬುದ್ಧಿಗೆ ಮಾಡುವ ಅವಮಾನ. ಒಂದು ಗಳಿಗೆ ಹೊಳೆಯಿತು. ಓಡಿಹೋಗಿ ಕೂಗಿ ಹೇಳಬೇಕಾದವಳು ಅವಳೇ. ಬಿಳಿ ಬಟ್ಟೆ ಕಟ್ಟಿದ ಕೈಗೆ ಅಷ್ಟು ಹಕ್ಕಿತ್ತು, ಅಷ್ಟು ಹೊಣೆಯೂ ಇತ್ತು. ಆದರೆ ಹಲಗೆಯ ಮೇಲಿನ ಎಮ್ಮೆ ಅವಳ ಕಣ್ಣಿಗೆ ಅಡ್ಡ ಬಂತು. ಅವಳು ಒಳಗೆ ಹೋಗಿ ಎರಡು ಕೊಡ ಎತ್ತಿಕೊಂಡಳು. ಅವು ಬರಿದಾದ ಮೇಲೆ ಇನ್ನೆರಡು. ನಾಲ್ಕನ್ನೂ ಪೈಪಿನ ಒಳಕ್ಕೇ ಬಗ್ಗಿಸಿದಳು. ಹೊರಗೆ ಸುರಿದು ದಂಡ ಮಾಡಲು ಅವಳೇನು ಚಿಕ್ಕಾಕೆಯಷ್ಟು ದಡ್ಡಿಯೇ?

ಮರುದಿನ ಬಾಟಲಿಯವ ಬಂದ. ಪೈಪಿಗೆ ಉದ್ದನೆಯ ಸಣ್ಣ ಬಕೆಟ್ಟು ಇಳಿಬಿಟ್ಟು, ಮೊದಲನೆಯದನ್ನು ಚೆಲ್ಲಿ, ಎರಡನೆಯದರಲ್ಲಿ ಬಾಟಲಿ ತುಂಬಿಕೊಂಡು, ಗಡಿಯಾರ ನೋಡುತ್ತ ಹೋದ.

ಆ ಸಲ ಹುಲ್ಲಿನ ಗೆರೆ ಪಂಪಿನ ಗೆರೆಗಿಂತ ಕೆಳಗಿಳಿಯಿತು. ಸಭೆ ಬಾಯಿ ಬಿಟ್ಟಿತು. ದೊಡ್ಡಾಕೆ ಅಲ್ಲಿಂದ ಮನೆಗೆ ಬರುವಾಗ ಬೀದಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಡೆದಳು, ಯಾರ ಮನೆಯ ಬಾಗಿಲೂ ತಪ್ಪಿಹೋಗಬಾರದೆಂದು. ಹಾಲು ಮಾರುವವಳ ಮುಂದೆ ನಿಂತು, "ನಮ್ಮ ಕಡೇದು ಮೊಂಡು ಬಿಡ್ತು ಕಣಮ್ಮಾ. ಮಷೀನು ಕಟ್ಕೊಂಡೋರು ಅದ್ಯಾಕೋ ಹಿಂದೆ ಬಿದ್ದವ್ರೆ," ಅಂದಳು.

ಚಿಕ್ಕಾಕೆಗೂ ಕಣ್ಣಿತ್ತು. ಗೋಡೆಯಾಚೆಯ ಪೈಪಿನ ಸುತ್ತ ಒದ್ದೆ ನೆಲ ಅವಳೂ ನೋಡಿದ್ದಳು. ಮೂರನೇ ಸಲಕ್ಕೆ ಅವಳ ಕೊಡಗಳೂ ಹೆಚ್ಚಿದವು. ಒಬ್ಬಳು ಸುರಿದ ಸದ್ದನ್ನು ಇನ್ನೊಬ್ಬಳು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ. ಯಾವ ನೀರಿಗಾಗಿ ಬೀದಿ ಠಾಣೆ ಹತ್ತಿ ಇಳಿದಿತ್ತೋ ಆ ನೀರು, ಪೈಪಿನ ತೂತಿನಲ್ಲಿ ಇಳಿದು ಹೋಯಿತು.

"ಗುಡ್ಡಕ್ಕೆ ಅಭ್ಯಂಜನ, ನಂಗೆ ಒದ್ದೆ ಬಟ್ಟೆ," ಅಂದ ಗಂಡ, ಖಾಲಿ ಕೊಡ ತಲೆಕೆಳಗು ಮಾಡಿ. "ಏನ್ ನಡೀತಿದೆ ಹಿತ್ತಲಲ್ಲಿ?"

"ನಿಮಗ್ಯಾಕೆ? ಟೈರಿಗೆ ಗಾಳಿ ಹಾಕ್ರಿ, ನೀರಿನ ಮಾತು ಬಿಡ್ರಿ."

ವರ್ಷ ತುಂಬಿತು. ಕೊನೆಯ ಸಭೆಗೆ ದೊಡ್ಡ ಸಾಹೇಬರೇ ಬಂದರು. ಅವರ ಪಕ್ಕದಲ್ಲಿ, ಕಾರ್ಖಾನೆಯ ಜಾಗ ಕೊಂಡ ಕಂಪನಿಯ ಕೋಟಿನವ. ಹಲಗೆಯ ಮೇಲೆ ಎರಡು ಗೆರೆಗಳೂ ತಳಕ್ಕೆ ಬಂದು ಮಲಗಿದ್ದವು. ದೊಡ್ಡಾಕೆ ಕಣ್ಣು ಕಿರಿದು ಮಾಡಿ ನೋಡಿದ್ದು ಒಂದೇ ಸಂಗತಿ: ಯಾವುದು ಕೆಳಗಿದೆ? ಅವಳದೇ, ಕೂದಲೆಳೆಯಷ್ಟು. ಎದೆ ಉಬ್ಬಿತು. ಚಿಕ್ಕಾಕೆಯ ಮುಖ ಸಣ್ಣಗಾದದ್ದನ್ನು ನೋಡಿ ಇನ್ನಷ್ಟು ಉಬ್ಬಿತು. ಆ ಸಂಭ್ರಮದಲ್ಲಿ ಸಾಹೇಬರ ಮುಂದಿನ ಮಾತು ಅವಳಿಗೆ ಅರ್ಧವೇ ಕೇಳಿಸಿತು. ಎರಡೂ ಉಪಾಯ ಫಲಿಸಿವೆ. ಕಂಪನಿ ಇನ್ನು ಖರ್ಚು ಮಾಡುವ ಅಗತ್ಯವಿಲ್ಲ. ಪಂಪು ಬಿಚ್ಚುತ್ತಾರೆ. ಬರುವ ತಿಂಗಳಿಂದ ಟ್ಯಾಂಕರ್ ಇಲ್ಲ, ಬೀದಿ ಬಾವಿಯ ಮುಚ್ಚಳ ತೆಗೆಯುತ್ತಾರೆ. ಮುಂದಿನ ವಾರ ಬಹಿರಂಗ ಸಭೆ ಮಾಡಿ ಮುದ್ರೆ ಒತ್ತುತ್ತಾರೆ. ಕೋಟಿನವನ ಮುಖದಲ್ಲಿ, ಎರಡು ಬೆಕ್ಕು ಕಚ್ಚಾಡುವಾಗ ಹಾಲು ಕುಡಿದು ಮುಗಿಸಿದ ಮೂರನೇ ಬೆಕ್ಕಿನ ಕಳೆಯಿತ್ತು.

ಹಿಂದಿನಿಂದ ಯಾರೋ ತೋಳು ಹಿಡಿದರು. ಚಿಕ್ಕಾಕೆಯ ಮಗಳು, ಈಗ ಬಸುರಿ. "ದೊಡ್ಡಮ್ಮಾ, ಹಂಗಾದ್ರೆ ಬಾವಿ ನೀರು ಕುಡಿಬಹುದಾ ಇನ್ಮೇಲೆ?"

"ನಿಮ್ಮಮ್ಮ ಕಮಿಟಿಯೋಳಲ್ವಾ, ಅವಳನ್ನ ಕೇಳು."

"ಅಮ್ಮ ಹೂಂ ಅಂದ್ಲು. ನೀನು ಹೇಳು. ನೀನು ಹೇಳಿದ್ರೆ ಕುಡೀತೀನಿ."

ಹುಡುಗಿ ಹುಟ್ಟಿದಾಗಿನಿಂದ ದೊಡ್ಡಾಕೆ ಕಾದಿದ್ದ ಮಾತು ಅದು: ತಾಯಿಗಿಂತ ದೊಡ್ಡಮ್ಮನ ಮಾತೇ ಹೆಚ್ಚು ಅನ್ನುವ ಮಾತು. ಬಂತು, ಬರಬಾರದ ಹೊತ್ತಿಗೆ ಬಂತು. ಹುಡುಗಿಯ ಒಂದು ಕೈ ಹೊಟ್ಟೆಯ ಮೇಲಿತ್ತು. ದೊಡ್ಡಾಕೆ ತನ್ನ ಬೆರಳ ಗುಂಡಿಗಳನ್ನು ನೋಡಿಕೊಂಡಳು. "ನಾಳೆ ಹೇಳ್ತೀನಿ, ತಾಳು," ಅಂದಳು.

ಮನೆಗೆ ಹೋದವಳೇ ಪೆಟ್ಟಿಗೆಯ ತಳದಿಂದ ಒಂದು ಬಿಳಿ ಬಟ್ಟೆ ಹುಡುಕಿ ತೆಗೆದಳು. ಬೀದಿ ಬಾವಿಯ ಮುಚ್ಚಳದ ಸಂದಿಯಲ್ಲಿ ಹಗ್ಗ ಬಿಟ್ಟು ಒಂದು ಡಬ್ಬಿ ನೀರು ಎತ್ತಿದಳು. ಆ ಬಾವಿಗೆ ಯಾರೂ ಕೊಡ ಬಗ್ಗಿಸಿರಲಿಲ್ಲ. ಬಟ್ಟೆ ಅದ್ದಿ ನೇತು ಹಾಕಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲಿ ಗೆರೆ ಮೂಡಿತ್ತು, ಹಳೆಯ ಸಾಲಗಾರನ ಹಾಗೆ ಗುರುತು ಹಿಡಿದು ನಗುವ ಹಳದಿ.

"ಬಾವಿ ಮುಟ್ಟಬೇಡ," ಅಂದಳು ಹುಡುಗಿಗೆ. ಯಾಕೆ ಅಂತ ಹೇಳಲಿಲ್ಲ. ಹೇಳುವುದು ಬಹಿರಂಗ ಸಭೆಯಲ್ಲೇ ಆಗಬೇಕಿತ್ತು.

ಆ ದಿನ ವೇದಿಕೆಯ ಮೇಲೆ ಸಾಹೇಬರು, ಇಂಜಿನಿಯರಮ್ಮ, ಕೋಟಿನವ, ಕೊನೆಯ ಕುರ್ಚಿಯಲ್ಲಿ ಮಡಿಲಲ್ಲಿ ಹೆಲ್ಮೆಟ್ಟು ಇಟ್ಟುಕೊಂಡ ಚಿಕ್ಕಾಕೆ. ದೊಡ್ಡಾಕೆ ಎದ್ದು ನಿಂತಳು.

"ಸ್ವಾಮಿ, ನಿಮ್ಮ ಗೆರೆ ಇಳಿಸಿದ್ದು ಪಂಪೂ ಅಲ್ಲ, ಹುಲ್ಲೂ ಅಲ್ಲ. ಹುಲ್ಲಿನ ಕಡೆ ಪೈಪಿಗೆ ನಾನು ಟ್ಯಾಂಕರ್ ನೀರು ಸುರಿದಿದ್ದೀನಿ. ಆ ಕಡೆ ಪೈಪಿಗೆ ಇವಳು ಸುರಿದವ್ಳೆ. ಬಾವಿ ನೀರು ನೋಡಿ, ಇಲ್ಲಿದೆ." ಬಟ್ಟೆ ಬಿಚ್ಚಿ ಹಿಡಿದಳು.

ಸಭೆಯಲ್ಲಿ ನಗೆ ಎದ್ದಿತು. ಹಾಲು ಮಾರುವವಳು, "ಶುರುವಾಯ್ತಪ್ಪ ಓರಗಿತ್ತಿ ಪುರಾಣ," ಅಂದಳು. ಕೋಟಿನವ ಸಾಹೇಬರ ಕಡೆ ಬಾಗಿದ. "ಮನೆ ಜಗಳ ಸಾರ್. ಕಮಿಟಿಗೆ ತನ್ನನ್ನ ತಗೊಳ್ಳಲಿಲ್ಲ ಅಂತ ಹೊಟ್ಟೆಕಿಚ್ಚು. ಇಡೀ ಬೀದೀಗೆ ಗೊತ್ತು."

"ಹೂಂ, ಹೊಟ್ಟೆಕಿಚ್ಚೇ," ಅಂದಳು ದೊಡ್ಡಾಕೆ. "ಇಲ್ಲ ಅಂದವರು ಯಾರು? ಹೊಟ್ಟೆಕಿಚ್ಚಿಗೇ ಸುರಿದಿದ್ದು. ಇಲ್ದಿದ್ರೆ ಯಾರಾದ್ರೂ ಕುಡಿಯೋ ನೀರನ್ನ ತೂತಿಗೆ ಹಾಕ್ತಾರಾ?"

ಸಾಹೇಬರು ಚಿಕ್ಕಾಕೆಯ ಕಡೆ ತಿರುಗಿದರು. "ನೀವು ಹೇಳಿ. ಹೀಗೆ ನಡೆದಿದ್ಯಾ?"

ಚಿಕ್ಕಾಕೆ ಹೆಲ್ಮೆಟ್ಟಿನ ಅಂಚು ಹಿಸುಕಿದಳು. "ಇಲ್ಲ ಸಾರ್. ಸುಳ್ಳು."

ಅಲ್ಲಿಗೆ ಮುಗಿಯಬೇಕಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ದೊಡ್ಡಾಕೆ ಸುತ್ತ ನೋಡಿದಳು. ಒಂದು ಮುಖವೂ ಅವಳನ್ನು ನಂಬಿರಲಿಲ್ಲ. ಆಗ ಅವಳು ಧ್ವನಿ ತಗ್ಗಿಸಿ, ಕನಿಕರ ಪಟ್ಟವಳ ಹಾಗೆ, "ಹೋಗ್ಲಿ ಬಿಡಿ ಸ್ವಾಮಿ. ಅವಳದು ಲೆಕ್ಕಕ್ಕಿಲ್ಲ. ನಾನು ನಾಲ್ಕು ಕೊಡ ಸುರಿದೆ, ಅವಳ ಕೈಲಿ ಆಗಿದ್ದು ಎರಡೇ, ಅದ್ರಲ್ಲಿ ಒಂದು ಹೊರಗೇ ಚೆಲ್ಹೋಯ್ತು. ಕಾರ್ಖಾನೇಲೂ ಅಷ್ಟೇ, ಇವಳ ಡ್ರಮ್ಮನ್ನ ನಾನೇ ತಿರುಗಿ ತೊಳೀತಿದ್ದೆ, ಪಾಪ," ಅಂದಳು.

ಚಿಕ್ಕಾಕೆ ಚಂಗನೆ ಎದ್ದಳು. ಹೆಲ್ಮೆಟ್ಟು ನೆಲಕ್ಕೆ ಬಿದ್ದು ಉರುಳಿತು.

"ಎರಡಾ? ಯಾರಕ್ಕಾ ನಿಂಗೆ ಎರಡು ಅಂತ ಹೇಳಿದ್ದು? ಆರು ಸುರಿದಿದ್ದೀನಿ, ಆರು! ಒಂದು ಹನಿ ಹೊರಗೆ ಬೀಳದಂಗೆ! ನನ್ನ ಡ್ರಮ್ಮು ನೀನು ತೊಳೆದ್ಯಾ? ಪೈಪು ಮೊದಲು ತೊಳೆದೋಳೇ ನಾನು. ಗೋಡೆ ಮೇಲಿಂದ ಇಣುಕಿ ಕಲಿತ್ಕೊಂಡೋಳು ನೀನು!"

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಚಿಕ್ಕಾಕೆಗೆ ತಾನು ಏನು ಹೇಳಿದೆ ಅನ್ನುವುದು ತುಸು ತಡವಾಗಿ ತನ್ನ ಕಿವಿಗೇ ತಲುಪಿತು. ಅವಳು ಕುರ್ಚಿಗೆ ಕುಸಿದಳು. ದೊಡ್ಡಾಕೆ ಬೇಕೆಂದೇ ಚುಚ್ಚಿದಳೋ, ಚಟಕ್ಕೆ ಚುಚ್ಚಿದಳೋ? ಗಂಡನನ್ನು ಕೇಳಿದರೆ, "ಮೊಳೆ ಯಾಕೆ ಚುಚ್ತು ಅಂತ ನಾನು ಯಾವತ್ತೂ ಕೇಳಲ್ಲ, ಗಾಳಿ ಹೋಯ್ತಾ ಅಂತ ಅಷ್ಟೇ ನೋಡ್ತೀನಿ," ಅನ್ನುತ್ತಾನೆ.

ಇಂಜಿನಿಯರಮ್ಮ ಬಾಟಲಿಯವನನ್ನು ಕರೆದಳು. "ಬಾಟಲಿ ತುಂಬೋ ಮೊದಲು ಎಷ್ಟು ನೀರು ಎತ್ತಿ ಚೆಲ್ತಿದ್ರಿ?"

"ಒಂದು ಬಕೆಟ್ ಮೇಡಂ. ಬೇರೆ ಕಡೇನೂ ಹೋಗ್ಬೇಕಿತ್ತಲ್ಲ."

ಪೈಪಿನಲ್ಲಿ ನಿಂತ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ, ನೆಲದೊಳಗಿನ ಹೊಸ ನೀರು ಬಂದ ಮೇಲೆ ಬಾಟಲಿ ತುಂಬಬೇಕು ಎಂದು ಅವಳು ಸಭೆಗೆ ಬಿಡಿಸಿ ಹೇಳಿದಳು. ಇಷ್ಟು ಬೇಗ ಗೆರೆ ಇಳಿದದ್ದು ತನಗೂ ಅನುಮಾನ ತಂದಿತ್ತು, ಮಳೆ ಬಂದು ನೆಲದ ನೀರು ಗಸಿಯ ಮಟ್ಟಕ್ಕೆ ಏರಿದಾಗ ಇನ್ನೊಮ್ಮೆ ನೋಡೋಣ ಎಂದು ತಾನು ಕೇಳಿದ್ದೆ, ಸಮಯವಿಲ್ಲ ಅಂದರು ಎಂದೂ ಹೇಳಿದಳು. ಹೇಳುವಾಗ ಕೋಟಿನವನ ಕಡೆ ನೋಡಿದಳು. ಹೊದಿಕೆ ಫಲಿಸಿತೋ, ಪಂಪು ಫಲಿಸಿತೋ, ಎರಡೂ ದಂಡವೋ, ಈಗ ಯಾರೂ ಹೇಳುವಂತಿಲ್ಲ. ಒಂದಿಡೀ ವರ್ಷ ಆ ಎರಡು ತೂತುಗಳಲ್ಲಿ ಇಳಿದು ಹೋಗಿತ್ತು.

ಮಳೆ ಹಿಡಿದ ಮೇಲೆ ಮರುಪರೀಕ್ಷೆ ಎಂದು ಹೇಳಿ, ಇಬ್ಬರ ಬೀಗದ ಕೈಯನ್ನೂ ಕಿತ್ತುಕೊಂಡರು. ಹೆಲ್ಮೆಟ್ಟು ಕಚೇರಿಗೆ ವಾಪಸಾಯಿತು, ಚಿಕ್ಕಾಕೆಯ ಬಾಗಿಲಲ್ಲಿ ಮೊಳೆ ಬರಿದಾಯಿತು. ದೊಡ್ಡಾಕೆಗೆ ಹೊಟ್ಟೆ ತಣ್ಣಗಾಯಿತು ಅಂದುಕೊಂಡರೆ ತಪ್ಪು. ಮರುದಿನ ಪೇಪರಿನಲ್ಲಿ ಸಭೆಯ ಫೋಟೋ ಬಂತು. ನಡುವೆ ಚಿಕ್ಕಾಕೆ, ಬೆರಳು ಚಾಚಿ, ಜ್ವಾಲೆಯ ಹಾಗೆ. ದೊಡ್ಡಾಕೆಯದು ಅಂಚಿನಲ್ಲಿ ಅರ್ಧ ಕಿವಿ. "ಸತ್ಯ ಹೇಳಿದ್ದು ನಾನು, ಪಟ ಅವಳದ್ದು!" ಎಂದು ಅವಳು ಇಂದಿಗೂ ಹಲ್ಲು ಕಡಿಯುತ್ತಾಳೆ.

ಈಗ ಗೋಡೆಯ ಈಚೆ ಒಬ್ಬಳು, ಆಚೆ ಒಬ್ಬಳು, ಪೈಪಿನ ಎದುರು ಮಣೆ ಹಾಕಿ ಕೂರುತ್ತಾರೆ. ಅವಳೆಲ್ಲಿ ನೀರು ಬಗ್ಗಿಸುತ್ತಾಳೋ ಎಂದು ಇವಳ ಕಾವಲು, ಇವಳೆಲ್ಲಿ ಬಗ್ಗಿಸುತ್ತಾಳೋ ಎಂದು ಅವಳ ಕಾವಲು. ಯಾವ ಕಮಿಟಿಗೂ ಅಷ್ಟು ನಿದ್ದೆಗೆಟ್ಟ ಕಣ್ಣಿಲ್ಲ. ನಡುವೆ ಹುಡುಗಿ ಹೊಟ್ಟೆ ಹೊತ್ತು ಓಡಾಡುತ್ತಾಳೆ, ಟ್ಯಾಂಕರ್ ಸದ್ದಿಗೆ ಕಿವಿ ಕೊಟ್ಟು.

ಯಾಕೆಂದರೆ ಟ್ಯಾಂಕರ್ ನಿಲ್ಲಿಸುವ ಅಪ್ಪಣೆ ಇನ್ನೂ ರದ್ದಾಗಿಲ್ಲ. "ಪರಿಶೀಲನೆಯಲ್ಲಿದೆ" ಅನ್ನುತ್ತಾರೆ. ಓರಗಿತ್ತಿಯರ ಹುಚ್ಚಾಟಕ್ಕೆ ಬೀದಿ ಯಾಕೆ ಬಾವಿಯ ವಿಷ ಕುಡಿಯಬೇಕು ಎಂದು ಕೇಳಿದರೆ ಉತ್ತರವಿಲ್ಲ. ಹಾಗಾಗಿ ಕೇಳುವ ಕೆಲಸ ಇನ್ನು ನಿಮ್ಮದು. ಮರುಪರೀಕ್ಷೆಯಾಗುವ ತನಕ ಪಂಪು ಬಿಚ್ಚಬಾರದು, ಟ್ಯಾಂಕರ್ ನಿಲ್ಲಬಾರದು ಎಂದು ಬರೆದು ನಿಮ್ಮ ಸಹಿ ಹಾಕಿ ಕಚೇರಿಗೆ ಕಳಿಸಿ. ಮಳೆ ಹಿಡಿದ ಮೇಲೆ, ನಿಂತ ನೀರು ಪೂರ್ತಿ ಎತ್ತಿ ಚೆಲ್ಲಿ, ಎಲ್ಲರ ಕಣ್ಣೆದುರು ಬಾಟಲಿ ತುಂಬುವ ದಿನ ನೀವೂ ಆ ಪೈಪಿನ ಪಕ್ಕ ಬಂದು ನಿಲ್ಲಿ. ಬರುವಾಗ ಒಂದು ಬಿಳಿ ಬಟ್ಟೆ ತನ್ನಿ. ಇದನ್ನು ಓದಿ ನಕ್ಕಿದ್ದೀರಿ, ಸರಿ. ಬರುತ್ತೀರೋ ಇಲ್ಲವೋ, ಅದನ್ನು ಹೇಳಿ.